ಘಾಟು ಇಳಿಯುವ ಮೊದಲು

ಹದಿನಾರು ವರ್ಷದ ಹುಡುಗನನ್ನು ಒಂದು ಶಾಲಾ ವರ್ಷದ ಮಟ್ಟಿಗೆ ಪರದೇಶದ ಗುರುತಿಲ್ಲದ ಮನೆಗೆ ಕಳಿಸಬೇಕೋ ಬೇಡವೋ ಎಂಬ ಮಾತು ಅಳ್ನಾವರದ ಒಂದು ಮನೆಯಲ್ಲಿ ಎದ್ದಿತ್ತು. ಅರ್ಜಿಗೆ ಬೇಕಾದದ್ದು ಅಪ್ಪನ ಸಹಿ. ಆದರೆ ಆ ಮನೆಯಲ್ಲಿ ಅಪ್ಪ ಸಹಿ ಹಾಕುವ ಮೊದಲು ಅಜ್ಜನ ಮುಖ ನೋಡುತ್ತಾರೆ.

ಮಾತಾಡಿದವರು ಇಬ್ಬರು. ರೇಲ್ವೆಯಲ್ಲಿ ಗಾರ್ಡ್ ಆಗಿ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾರಿಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರು. ಇನ್ನೊಬ್ಬಳು ಆ ಹುಡುಗನ ಅಕ್ಕ; ತಾನೂ ಹೀಗೇ ವಿದ್ಯಾರ್ಥಿ ವಿನಿಮಯದಲ್ಲಿ ಅಮೆರಿಕದ ಮಿಷಿಗನ್‌ಗೆ ಹೋಗಿ ಬಂದು ಈಗ ಧಾರವಾಡದಲ್ಲಿ ಸೈಕಾಲಜಿ ಓದುತ್ತಿದ್ದಾಳೆ. ಮಾತು ಬಹುಪಾಲು ಸುತ್ತಿದ್ದು ಆ ವರ್ಷದ ಮೊದಲ ಕೆಲವು ದಿನಗಳ ಸುತ್ತ: ವಿಮಾನ ಇಳಿದ ಮೇಲೆ, ಆತಿಥೇಯರ ಮನೆ ಸೇರುವ ಮೊದಲು, ನಾನಾ ದೇಶದ ಮಕ್ಕಳನ್ನು ಒಂದು ಕಡೆ ಇಟ್ಟುಕೊಂಡು ತಯಾರು ಮಾಡುವ ಶಿಬಿರ. ಇಡೀ ವರ್ಷದ ಗುಣ ಆ ದಿನಗಳಲ್ಲೇ ತಿಳಿಯುತ್ತದೆ ಎಂದು ನಂಬಿದವನು ನಾನು. ಹಾಗಾಗಿ ಕೇಳಿದ್ದನ್ನು ಆದಷ್ಟು ಅವರ ಬಾಯಿಯಲ್ಲೇ ಬಿಟ್ಟಿದ್ದೇನೆ.

ಅಜ್ಜ: ನೀ ಹೋಗಿ ಬಂದಿ, ಚೊಲೋನ ಆತು. ನಾ ಅಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ಇಳದ ಕೂಡಲೇ ಫೋನಿನ್ಯಾಗ ಹ್ಯಾಂಗ ಅತ್ತಿ ಅನ್ನೂದು ನಿಮ್ಮವ್ವಗ ಇನ್ನೂ ಮರತಿಲ್ಲ. ನನಗೂ ಮರತಿಲ್ಲ.

ಮೊಮ್ಮಗಳು: ನನಗೂ ಮರತಿಲ್ಲಜ್ಜಾ. ಆದ್ರ ಒಂದ ಮಾತು ಲಕ್ಷ್ಯದಾಗ ಇಟ್ಕೊ. ನಾ ಅತ್ತದ್ದು ಆ ಮಂದಿ ಮನ್ಯಾಗಲ್ಲ, ಶಿಬಿರದಾಗ. ನನ್ನ ಹಂಗ ಅಳೂ ಹುಡುಗ್ಯಾರ ನಡುವ. ಸೀದಾ ಆ ಮನಿಗೇ ಹೋಗಿ ಇಳದಿದ್ರ, ಅಲ್ಲೆ ಅಳಾಕೂ ಬರ್ತಿದ್ದಿಲ್ಲ, ನಗಾಕೂ ಬರ್ತಿದ್ದಿಲ್ಲ.

ಅಜ್ಜ: ಅಳಾಕ ಒಂದು ಶಿಬಿರ ಬೇಕೇನು?

ಮೊಮ್ಮಗಳು: ಬೇಕು. ನೀ ಅದನ್ನ ನೋಡಿಲ್ಲ, ಕೇಳು. ಒಂದು ಕೆರೆ, ಅದರ ದಂಡಿಗೆ ಕಟಗಿ ಮನಿಗಳು. ಒಳಗ ರೈಲಿನ ಬರ್ತ್‌ನಂಗ ಒಂದರ ಮ್ಯಾಲೊಂದು ಮಂಚ. ಆಗಸ್ಟ್ ತಿಂಗಳು. ರಾತ್ರಿ ಎಂಟೂವರಿ ಆದ್ರೂ ಬೆಳಕು ಹೋಗಂಗಿಲ್ಲ. ಇಲ್ಲೆ ನೀವು ಮುಂಜಾನೆ ಚಹಾ ಕುಡಿಯೂ ಹೊತ್ತಿಗೆ ನಮಗಲ್ಲೆ ಹಿಂದಿನ ದಿನದ ರಾತ್ರಿ ಊಟ ಆಗಿರ್ತಿತ್ತು. ಒಂಬತ್ತೂವರಿ ತಾಸಿನ ಫರಕು. ನನ್ನ ಮ್ಯಾಲಿನ ಮಂಚದಾಗ ಜಪಾನಿನ ಹುಡುಗಿ. ನಡುರಾತ್ರ್ಯಾಗ ನನಗ ನಿದ್ದಿ ಬರವಲ್ದು, ಅಕಿಗೂ ಬರವಲ್ದು. ಅಕಿ ಟಾರ್ಚ್ ಹಚ್ಚಿಕೊಂಡು ಡಿಕ್ಷನರಿ ನೋಡಾಕತ್ತಿದ್ಲು. ಮುಂಜಾನೆ ಹೊಸ ಅವ್ವ ಎದುರಿಗೆ ಬಂದ್ರ ಏನನ್ನಬೇಕು ಅಂತ ಒಂದು ಸಾಲು ಬರದು, ಹೊಡದು, ಮತ್ತ ಬರದು. ನಾನೂ ಎದ್ದು ಕುಂತೆ. ಇಬ್ಬರಿಗೂ ಸರಿಯಾಗಿ ಇಂಗ್ಲಿಷ್ ಬರಂಗಿಲ್ಲ. ಬೆಳತನಕ ಅದ ಸಾಲು ಒಬ್ಬರಿಗೊಬ್ಬರು ಹೇಳಿ ಹೇಳಿ ರೂಢಿ ಮಾಡಿದ್ವಿ. ಅಂಥಾ ಗೆಳತಿ ಮನ್ಯಾಗ ಸಿಗ್ತಿದ್ಲೇನು?

ಅಜ್ಜ: ಆ ಗೆಳತಿ ಶಿಬಿರದವರು ಕೊಟ್ಟದ್ದಲ್ಲ. ನಿದ್ದಿಗೇಡು ಕೊಟ್ಟದ್ದು. ಶಿಬಿರದವರು ಕೊಟ್ಟದ್ದೇನು, ಅದನ್ನ ಹೇಳು.

ಮೊಮ್ಮಗಳು: ಮೊದಲು ಕಟ್ಟಳೆ ಹೇಳಿದ್ರು. ರೋಟರಿ ಮಂದಿದು ನಾಲ್ಕು ಬ್ಯಾಡಗಳು: ಕುಡಿಯೂದು ಬ್ಯಾಡ, ಮಾದಕ ಬ್ಯಾಡ, ಗಾಡಿ ಹೊಡಿಯೂದು ಬ್ಯಾಡ, ಪ್ರೇಮದ ಜೋಡಿ ಕಟ್ಟೂದು ಬ್ಯಾಡ. ಎಎಫ್‌ಎಸ್ ಅಂತ ಇನ್ನೊಂದು ಸಂಸ್ಥಾ ಐತಿ, ಅವರದು ಮೂರು. ಮಾದಕ ಇಲ್ಲ, ಗಾಡಿ ಹೊಡಿಯೂದಿಲ್ಲ, ದಾರ್ಯಾಗ ಕೈ ತೋರಿಸಿ ಕಂಡವರ ಗಾಡಿ ಹತ್ತೂದಿಲ್ಲ. ಮುರದ್ರ ಮನಿಗೆ ವಾಪಸ್. ಆಮ್ಯಾಲೆ ಬೋರ್ಡಿನ ಮ್ಯಾಲೆ ಒಂದು ಗೆರಿ ತಗದ್ರು. ಮೊದಲು ಮ್ಯಾಲೆ, ನಡುವ ಕೆಳಗ, ಕಡೀಕ ಮತ್ತ ಮ್ಯಾಲೆ. ಬಂದ ಹೊಸದ್ರಾಗ ಎಲ್ಲಾ ಚೆಂದ ಕಾಣತೈತಿ, ಎರಡು ಮೂರು ತಿಂಗಳಿಗೆ ಮನಸ್ಸು ಕುಸೀತೈತಿ, ಆಮ್ಯಾಲೆ ಏರತೈತಿ, ಹೆದರಬ್ಯಾಡ್ರಿ ಅಂದ್ರು.

ಅಜ್ಜ: ನೋಡು, ಇಲ್ಲೆ ನನ್ನ ತಕರಾರು. ಒಂದು ಕೂಸು ಅಳಾಕತ್ತೈತಿ. ಅದರ ಕೈಯಾಗ ನಕಾಶೆ ಕೊಟ್ಟು, ನೀ ಅಳಬೇಕಾದ ತಿಂಗಳು ಇದಲ್ಲ, ಅಕ್ಟೋಬರ್ ಅಂತ ಹೇಳಿದಂಗಾತು. ಮನಸ್ಸಿಗೂ ಟೈಮ್‌ಟೇಬಲ್ ಇರತೈತೇನು?

ಮೊಮ್ಮಗಳು: ಈ ಮಾತಿನ್ಯಾಗ ನೀ ಅರ್ಧ ಗೆದ್ದಿ ಅಜ್ಜಾ. ಆ ಗೆರಿ ಬಂದದ್ದು ನಾರ್ವೆದ ಲಿಸ್‌ಗಾರ್ಡ್ ಅನ್ನೋ ಸಮಾಜಶಾಸ್ತ್ರಜ್ಞನಿಂದ. ಫುಲ್‌ಬ್ರೈಟ್ ನೆರವಿನ್ಯಾಗ ಅಮೆರಿಕಾಕ್ಕ ಹೋಗಿ ಬಂದ ತನ್ನ ದೇಶದ ಮಂದಿನ್ನ ಕೇಳಿ 1955ರಾಗ ಬರದ. ಭಾಳ ವರ್ಷ ಎಲ್ಲಾ ಶಿಬಿರದಾಗೂ ಅದ ಗೆರಿ. ಮುಂದ 1998ರಾಗ ನ್ಯೂಜಿಲೆಂಡಿಗೆ ಹೋದ ಜಪಾನಿ ವಿದ್ಯಾರ್ಥಿಗಳನ್ನ ಹೆಜ್ಜಿ ಹೆಜ್ಜಿಗೆ ಕೇಳಿ ನೋಡಿದ್ರ ಬ್ಯಾರೇನ ಕಾಣ್ತು. ಎಲ್ಲಕ್ಕಿಂತ ಕಠಿಣ ಇಳದ ಹೊಸದ್ರಾಗ. ನನಗ ಆದದ್ದೂ ಹಂಗ. ಗೆರಿಯ ಮ್ಯಾಲಿನ ತುದ್ಯಾಗ ಇರಬೇಕಾದ ದಿನ ನಾ ತಳದಾಗಿದ್ದೆ. ಎಲ್ಲರೂ ಖುಷಿಯಾಗಿದ್ದಾರು, ನನಗ ಅಷ್ಟ ಏನೋ ಕೆಟ್ಟೈತಿ ಅನ್ನಿಸಿತು.

ಅಜ್ಜ: ಹಂಗಂದ್ರ ಶಿಬಿರ ನಿನಗ ನೋವು ಹೆಚ್ಚ ಮಾಡಿತು.

ಮೊಮ್ಮಗಳು: ಗೆರಿ ಮಾಡಿತು. ಶಿಬಿರ ಅಲ್ಲ. ಗೆರಿ ಅಳಿಸಿದ ಮ್ಯಾಲೆ ಬ್ರೆಜಿಲ್‌ನ ಒಬ್ಬ ಹುಡುಗ ಎದ್ದು, ನನಗ ಈಗ ಅಳು ಬರಾಕತ್ತೈತಿ ಅಂತ ಎಲ್ಲರ ಎದುರಿಗೆ ಅಂದ. ಎತ್ತರದ ಫುಟ್‌ಬಾಲ್ ಆಡೂ ಹುಡುಗ. ಅಂವ ಅಂದ ಮ್ಯಾಲೆ ಉಳದವರಿಗೆ ಹಗುರಾತು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಪ್ಪಿ ಸುಮ್ಮನಾದದ್ದಲ್ಲ ಅದು. ಬೇರೆ ದಾರಿ ಹಿಡಿಯಲಿಕ್ಕೆ ತಯಾರಾಗುತ್ತಿದ್ದರು.

ಅಜ್ಜ: ನಮ್ಮ ಕಡೆ ಮಂದಿ ಪರದೇಶಕ್ಕ ಹೋದದ್ದು ಇದ ಮೊದಲೇನು? ಸವಣೂರಿನ ಗೋಕಾಕರು 1936ರಾಗ ಆಕ್ಸ್‌ಫರ್ಡಿಗೆ ಹೋದ್ರು. ಎ.ಕೆ. ರಾಮಾನುಜನ್ ಬೆಳಗಾವಿಯಾಗ ಪಾಠ ಹೇಳ್ಕೊಂಡಿದ್ದವರು, 1959ರಾಗ ಅಮೆರಿಕಾಕ್ಕ ಹೋದ್ರು. ಅನಂತಮೂರ್ತಿ 1963ರಾಗ ಬರ್ಮಿಂಗ್‌ಹ್ಯಾಮಿಗೆ. ಯಾರು ಅವರಿಗೆ ಬೋರ್ಡಿನ ಮ್ಯಾಲೆ ಗೆರಿ ತಗದು ತೋರಿಸಿದ್ರು? ತಮ್ಮ ದಾರಿ ತಾವ ಕಂಡ್ಕೊಂಡ್ರು.

ಮೊಮ್ಮಗಳು: ಗೋಕಾಕರು ಹೊಂಟಾಗ ಇಪ್ಪತ್ತೇಳು ವರ್ಷ. ಕಾಲೇಜಿನ್ಯಾಗ ಪಾಠ ಹೇಳೂ ಮಾಸ್ತರು. ನಮ್ಮ ತಮ್ಮಗ ಹದಿನಾರು. ಇನ್ನೂ ಒಂದು ಮಾತು: ಅವರು ಹೋದದ್ದು ಹಡಗಿನ್ಯಾಗ. ಮುಂಬೈಯಿಂದ ಇಂಗ್ಲೆಂಡ್ ಮುಟ್ಟಾಕ ಎರಡು ಮೂರು ವಾರ ಬೇಕಾಗ್ತಿತ್ತು. ಏಡನ್, ಸುಯೆಜ್, ಆಮ್ಯಾಲೆ ಮೆಡಿಟರೇನಿಯನ್. ದಿನಾ ಸ್ವಲ್ಪ ಸ್ವಲ್ಪ ಗಡಿಯಾರ ತಿರುವಿಕೋತ, ಸ್ವಲ್ಪ ಸ್ವಲ್ಪ ಥಂಡಿಗೆ ಮೈ ಒಗ್ಗಿಸಿಕೋತ, ಕಾಟಾಚಮಚಾ ಹಿಡಿಯೂದು ಕಲಕೋತ ಹೋದ್ರು. ಆ ಸಮುದ್ರದ ಮ್ಯಾಲಿಂದಾನ ‘ಸಮುದ್ರಗೀತೆಗಳು’ ಬಂದ್ವು. ಅವರ ಶಿಬಿರ ಆ ಹಡಗು. ಈಗ ಧಾರವಾಡದಿಂದ ಹೊಂಟವರು ಎರಡ ದಿನದಾಗ ಮಿಷಿಗನ್ನಿನ ಅಡಗಿಮನ್ಯಾಗ ನಿಂತಿರ್ತಾರ. ಮೈ ಮುಟ್ಟಿರತೈತಿ, ಮನಸ್ಸು ಇನ್ನೂ ಲೋಂಡಾದಾಗ ಇರತೈತಿ. ವಿಮಾನ ಕಸಗೊಂಡ ಹೊತ್ತನ್ನ ಶಿಬಿರ ಅಷ್ಟಿಷ್ಟು ವಾಪಸ್ ಕೊಡತೈತಿ. ನಾ ಶಿಬಿರ ಬೇಕು ಅನ್ನೂದು ಅದಕ್ಕ.

ಅಜ್ಜ: ಭಾಳ ಚೊಲೋ ಮಾತು. ಅದನ್ನ ನಾ ನಿನ್ನ ಮ್ಯಾಲ ತಿರುಗಿಸ್ತೇನಿ. ಹಡಗಿನ್ಯಾಗ ಪಾಠ ಹೇಳೋರು ಯಾರಿದ್ರು? ಯಾರೂ ಇಲ್ಲ. ಕಟಾಂಜನಕ್ಕ ಆತು ನಿಲ್ಲೂದು, ನೀರು ನೋಡೂದು. ಅಂದ್ರ ಮಕ್ಕಳಿಗೆ ಬೇಕಾದದ್ದು ಬಿಡುವು. ನಿಮ್ಮ ಶಿಬಿರದವರು ಕೊಡೂದು ಮುಂಜಾನೆಯಿಂದ ಸಂಜೀತನಕ ಆಟ, ಭಾಷಣ, ಗುಂಪು, ಚಪ್ಪಾಳಿ. ಒಂದು ಕ್ಷಣ ಸುಮ್ಮನ ಕುಂತಿದ್ದೇನು?

ಮೊಮ್ಮಗಳು: ಇಲ್ಲ. ಅದು ಖರೇ. ಸುಮ್ಮನ ಕುಂತವರನ್ನ ಕಂಡ್ರ ಸ್ವಯಂಸೇವಕರಿಗೆ ಗಾಬರಿ. ಓಡಿ ಬಂದು ಆಟಕ್ಕ ಎಳಕೊಂಡು ಹೋಗ್ತಿದ್ರು.

ಈ ಜಾಗದಲ್ಲಿ ನನಗೆ ಅಜ್ಜನ ಮಾತೇ ಹೆಚ್ಚು ತೂಕದ್ದು ಅನ್ನಿಸಿತು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ನೋಡಿ ಬಂದು ‘ಸಂಸ್ಕಾರ’ ಬರೆಯಲು ಕೂತರು. ಸ್ವೀಡನ್ನಿನ ಸಿನಿಮಾ ಕಂಡವರಿಗೆ ನೆನಪಾದದ್ದು ಮಲೆನಾಡಿನ ಅಗ್ರಹಾರ. ಹೊರನಾಡಿನ ಒಂಟಿತನದಲ್ಲಿ ಊರು ಹೊಸದಾಗಿ ಕಾಣುವುದುಂಟು. ಆದರೆ ಅದಕ್ಕೆ ಒಂಟಿಯಾಗಿರಲು ಬಿಡಬೇಕು. ಹದಿನಾರರ ಮಕ್ಕಳನ್ನು ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಅದಕ್ಕೆ ಹಡಗಿನ ಕಾಲದ ಉತ್ತರ ಸಾಲುವುದಿಲ್ಲ.

ಅಜ್ಜ: ಇನ್ನೊಂದು ಕೇಳ್ತೇನಿ. ಅಲ್ಲಿ ನಿನಗ ಸೀರಿ ಉಡಿಸಿ ಕುಣಿಸಿದ ಫೋಟೋ ಕಳಿಸಿದ್ದಿ. ನಮ್ಮ ಮನ್ಯಾಗ ಯಾವಾಗ ಕುಣದಿದ್ದಿ?

ಮೊಮ್ಮಗಳು: ಅದು ದೇಶಗಳ ಸಂಜಿ ಅಂತ. ಒಬ್ಬೊಬ್ಬರೂ ತಮ್ಮ ದೇಶ ತೋರಿಸಬೇಕು. ನಾ ಹಿಂದಿ ಸಿನಿಮಾದ ಹಾಡಿಗೆ ಕುಣದೆ. ತಾಜ್‌ಮಹಲಿನ ಚಿತ್ರಾ ತೋರಿಸಿದೆ. ಆಗ್ರಾ ನಾ ನೋಡೇ ಇಲ್ಲ.

ಅಜ್ಜ: ಅದ ನನಗ ಹೊಟ್ಟಿ ಉರಿಸಿದ್ದು. ಅಳ್ನಾವರದ ಹುಡುಗಿ ಹೋದ್ಲು, ಶಿಬಿರದಾಗ ಇಳದ ಕೂಡಲೇ ಅಕಿ ಇಡೀ ಇಂಡಿಯಾ ಆಗಬೇಕು. ನಮ್ಮ ಊರಾಗ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಮಾತಾಡೂ ಮಂದಿ ಅದಾರ. ಈ ಕಡೆ ಭತ್ತದ ಗದ್ದಿ, ಆ ಕಡೆ ದಾಂಡೇಲಿ ಅಡವಿ. ನವಲಗುಂದ, ಅಣ್ಣಿಗೇರಿ ಕರಿ ಹೊಲ ಬಿಟ್ಟು ಬಂದವರಿಗೆ ನಮ್ಮ ಊರ ಬ್ಯಾರೆ ದೇಶ ಕಂಡಂಗ ಕಾಣತೈತಿ. ಒಂದ ಜಿಲ್ಲಾದಾಗ ಇಷ್ಟು ಇದ್ದಾಗ, ಒಂದು ಬಾವುಟದ ಕೆಳಗ ನಿನ್ನ ನಿಲ್ಲಿಸಿ ಕುಣಿ ಅಂದ್ರ ಏನರ್ಥ?

ಮೊಮ್ಮಗಳು: ಹಂಗ ನಿಲ್ಲಿಸಿದ್ರು ಅನ್ನೂದು ಖರೇ. ಆದ್ರ ಅಲ್ಲಿಗೇ ಮುಗೀಲಿಲ್ಲ. ಅದ ಬ್ರೆಜಿಲ್ ಹುಡುಗ ಮರುದಿನ ಕೇಳಿದ: ನಿಮ್ಮ ಮನಿ ಹಿತ್ತಲ ಬಾಗಲಾ ತಗದ್ರ ಏನು ಕಾಣತೈತಿ? ಯಾರೂ ನನಗ ಹಂಗ ಕೇಳಿದ್ದಿಲ್ಲ. ಒಂದು ಹಾಳ್ಯಾಗ ರೈಲ್ವೆ ಹಳಿ ತಗದೆ. ಒಂದು ಫಾಟಾ ಹುಬ್ಬಳ್ಳಿಗೆ, ಒಂದು ಲೋಂಡಾಕ್ಕ, ಒಂದು ದಾಂಡೇಲಿ ಕಡೆ. ಕಟಗಿ ತುಂಬಿದ ವ್ಯಾಗನ್ನಿನ ಮಾತು ನೀ ಹೇಳ್ತಿದ್ದೆಲ್ಲ, ಅದನ್ನ ಹೇಳಿದೆ. ಅಂವ ತಮ್ಮ ಊರಿನ ಕಬ್ಬಿನ ಫ್ಯಾಕ್ಟರಿ ತಗದ. ತಾಜ್‌ಮಹಲ್ ತೋರಿಸಿದಾಗ ಎಲ್ಲರೂ ಚಪ್ಪಾಳಿ ಹೊಡದ್ರು, ಯಾರೂ ಪ್ರಶ್ನೆ ಕೇಳಲಿಲ್ಲ. ಅಳ್ನಾವರ ತಗದಾಗ ಚಪ್ಪಾಳಿ ಇಲ್ಲ, ಸುತ್ತ ಮಂದಿ ಕುಂತು ಕೇಳಿಕೋತ ಇದ್ರು. ಆ ಕೇಳೂ ಹುಡುಗ ಸಿಕ್ಕದ್ದೂ ಶಿಬಿರದಾಗ.

ಅಜ್ಜ: ಊಟದ ಮಾತೂ ಹೇಳು. ಅದನ್ನ ಮುಚ್ಚಿಡಬ್ಯಾಡ.

ಮೊಮ್ಮಗಳು: ಮುಚ್ಚಿಡೂದೇನೈತಿ? ರಾತ್ರಿ ಬೆಂಕಿ ಹಾಕಿ ಸುತ್ತ ಕುಂತ್ವಿ. ಕಡ್ಡಿಗೆ ಬೆಳ್ಳನ ಮಿಠಾಯಿ ಚುಚ್ಚಿ, ಸುಟ್ಟು, ಬಿಸ್ಕೀಟಿನ ನಡುವ ಚಾಕೋಲೇಟ್ ಜೋಡಿ ಇಟ್ಟು ಕೊಡ್ತಾರ. ಆ ಮಿಠಾಯಿಗೆ ಮಾರ್ಷ್‌ಮ್ಯಾಲೋ ಅಂತಾರ. ಬಾಯಿಗೆ ಇಡೂ ಹೊತ್ತಿಗೆ ಬಾಜೂ ಕುಂತ ಇಂಡೋನೇಷ್ಯಾದ ಮುಸಲ್ಮಾನ ಹುಡುಗಿ ನನ್ನ ಕೈ ಹಿಡದು ಪಾಕೀಟು ತೋರಿಸಿದ್ಲು. ಜೆಲಟಿನ್. ದನದ್ದೋ ಹಂದೀದೋ ಚರ್ಮ, ಎಲಬಿನಿಂದ ತಗದದ್ದು. ಅಕಿಗೆ ಹಂದಿ ಬ್ಯಾಡ, ನನಗ ಎರಡೂ ಬ್ಯಾಡ. ಇಬ್ಬರೂ ಬರೇ ಬಿಸ್ಕೀಟು ಚಾಕೋಲೇಟು ತಿಂದ್ವಿ. ಕೇಳು ಅಜ್ಜಾ, ಕೊಟ್ಟವರಿಗೆ ಕೆಟ್ಟ ಮನಸ್ಸಿದ್ದಿಲ್ಲ. ಮಿಠಾಯಿಯಾಗ ಎಲಬು ಇರತೈತಿ ಅಂತ ಅವರ ತಲಿಗೆ ಬಂದಿದ್ದಿಲ್ಲ.

ಅಜ್ಜ: ಅದ ನಾ ಹೇಳೂದು. ಅವರ ತಲಿಗೆ ಬಾರದ್ದನ್ನ ಅವರು ನಿನಗ ಹ್ಯಾಂಗ ಕಲಿಸ್ತಾರ?

ಮೊಮ್ಮಗಳು: ಅವರು ಕಲಿಸಂಗಿಲ್ಲ. ಬಾಜೂ ಕುಂತವರು ಕಲಿಸ್ತಾರ.

ಅಜ್ಜ: ಕೆರಿ ಮಾತು?

ಇಲ್ಲಿ ಅವಳು ತಡೆದಳು. ಈ ಮಾತು ಅಜ್ಜನಿಗೆ ಹೇಳಿದ್ದಳೋ ಇಲ್ಲವೋ ಗೊತ್ತಿಲ್ಲ; ಅವರ ಮುಖ ನೋಡಿದರೆ ಅರ್ಧ ಮಾತ್ರ ಹೇಳಿರಬೇಕು.

ಮೊಮ್ಮಗಳು: ಈಜು ಬರತೈತೋ ಇಲ್ಲೋ ಅಂತ ಎಲ್ಲರನ್ನೂ ಪರೀಕ್ಷಾ ಮಾಡ್ತಾರ. ನಮ್ಮ ಕಡೆ ಹುಡುಗ್ಯಾರಿಗೆ ಕೆರಿ ಅಂದ್ರ ದೂರ ಇರೂ ಜಾಗ. ಹುಲಿಕೇರಿ ಇಂದಿರಮ್ಮನ ಕೆರಿ ದಂಡ್ಯಾಗ ನಿಂತದ್ದು ಅಷ್ಟ, ಇಳದದ್ದಿಲ್ಲ. ದಂಡಿಗೆ ನಿಂತ ಕಾವಲಿನ ಹುಡುಗಿ ನನ್ನ ಕೊಳ್ಳಾಗಿನ ಶಿವದಾರ ನೋಡಿ, ಕೊಳ್ಳಾಗ ಏನೂ ಇರಂಗಿಲ್ಲ, ಎಲ್ಲರೆ ಸಿಕ್ಕೊಂಡ್ರ ಅಪಾಯ, ತಗೀ ಅಂದ್ಲು. ಬ್ಯಾರೆ ಹುಡುಗ್ಯಾರು ಸರ ತಗದು ಬುಟ್ಟ್ಯಾಗ ಹಾಕಿದ್ರು. ನಾ ಹೊಂಟಾಗ ನೀ ಕಟ್ಟಿದ ಲಿಂಗ. ಬುಟ್ಟ್ಯಾಗ ಹ್ಯಾಂಗ ಹಾಕ್ಲಿ? ಒಲ್ಲೆ ಅಂದ್ರ ಈಜಂಗಿಲ್ಲ, ಹೂಂ ಅಂದ್ರ ಮೈಯಿಂದ ಲಿಂಗ ಬ್ಯಾರೆ ಆಗತೈತಿ. ಹಿಂದಿನ ದಿನ ಶಿಬಿರದವರು ಬ್ಯಾರೆ ಹೇಳಿದ್ರು: ಯಾರಾದ್ರೂ ಕರದ್ರ ಹೂಂ ಅನ್ರಿ, ಹೊಸಾದು ಮಾಡಿ ನೋಡ್ರಿ.

ಅಜ್ಜ: ಆಮ್ಯಾಲೆ?

ಮೊಮ್ಮಗಳು: ಇದು ಸರ ಅಲ್ಲ, ನಮ್ಮ ದೇವ್ರು, ನೆಲದ ಮ್ಯಾಲೆ ಇಡಂಗಿಲ್ಲ ಅಂತ ಹೇಳಿದೆ. ಅಷ್ಟು ಇಂಗ್ಲಿಷ್ ಎಲ್ಲಿಂದ ಬಂತೋ. ಅಕಿ ಸಿಟ್ಟಿಗೇಳಲಿಲ್ಲ. ತೋಳಿಗೆ ಬಿಗಿಯಾಗಿ ಕಟ್ಟಿಕೊಂಡ್ರ ನಡಿತೈತೇನು ಅಂತ ಅಕಿನ ಕೇಳಿದ್ಲು. ಬಟ್ಟಿಯಾಗ ಸುತ್ತಿ ರಟ್ಟಿಗೆ ಕಟ್ಟಿಕೊಂಡು ಎದಿ ಮಟ ನೀರಿಗೆ ಇಳದೆ.

ಅಜ್ಜ: ನಮ್ಮವ್ವ ನಾಟಿ ಹಚ್ಚುವಾಗ ರಟ್ಟಿಗೇ ಕಟ್ಕೋತಿದ್ಲು. ತಪ್ಪಿಲ್ಲ. ಆದ್ರ ನೀ ಗಟ್ಟಿ. ನಿಂತು ಮಾತಾಡಿದಿ. ನಿನ್ನ ತಮ್ಮ? ಯಾರು ಏನಂದ್ರೂ ಹೂಂ ಅನ್ನೂ ಹುಡುಗ. ಜ್ವರ ಬಂದ್ರ ಅವ್ವಗ ಹೇಳಂಗಿಲ್ಲ. ಹೂಂ ಅನ್ರಿ ಅಂತ ಕಲಿಸೂ ಶಿಬಿರಕ್ಕ ಹೂಂ ಅನ್ನೂ ಹುಡುಗನ್ನ ಕಳಸಾಕ ಹೊಂಟೀರಿ.

ಮೊಮ್ಮಗಳು: ಒಲ್ಲೆ ಅನ್ನೂದನ್ನೂ ಕಲಿಸ್ತಾರ. ಯಾರರೆ ಮೈ ಮುಟ್ಟಿದ್ರ, ಹೆದರಿಸಿದ್ರ ಯಾರಿಗೆ ಹೇಳಬೇಕು ಅಂತ ಬಿಡಿಸಿ ಹೇಳ್ತಾರ. ರೋಟರಿಯಾಗ ಒಂದೊಂದು ಹುಡುಗಗೂ ಒಬ್ಬ ಸಲಹೆಗಾರ ಇರ್ತಾರ. ಅವರು ಆತಿಥೇಯರ ಮನಿ ಮಂದಿ ಆಗಿರಬಾರದು ಅನ್ನೂದು ಕಟ್ಟಳೆ. ವರ್ಷಾ ಪೂರಾ ಒಂದ ಮನ್ಯಾಗ ಇಡೂದೂ ಕಡಿಮಿ, ಎರಡು ಮೂರು ಮನಿ ಬದಲಾಗ್ತಾವ.

ಅಜ್ಜ: ಅವ್ವಗ ಹೇಳದಂವ ಸಲಹೆಗಾರಗ ಹೇಳ್ತಾನೇನು?

ಅವಳು ಇದಕ್ಕೆ ಉತ್ತರ ಕೊಡಲಿಲ್ಲ. ಕೊಡಲು ಆಗುವ ಉತ್ತರ ನನಗೂ ಹೊಳೆಯಲಿಲ್ಲ.

ಅಜ್ಜ: ಕ್ಯಾಸಲ್‌ರಾಕ್ ಗೊತ್ತಲ್ಲ ನಿನಗ. ನಮ್ಮಪ್ಪ ಫೈರ್‌ಮನ್ ಇದ್ದಾಗ ಪರದೇಶ ಅಲ್ಲೇ ಶುರು ಆಗ್ತಿತ್ತು. ಈ ಕಡೆ ನಮ್ಮ ಕಸ್ಟಮ್ಸ್, ಘಾಟು ಇಳದ್ರ ಕುಳೇದಾಗ ಪೋರ್ಚುಗೀಸರದು. 1955ಕ್ಕ ಗಡಿ ಮುಚ್ಚಿ ಗಾಡಿನೂ ನಿಂತ್ವು. 1961ರ ಡಿಸೆಂಬರ್‌ದಾಗ ಗೋವಾ ಬಿಡುಗಡೆ ಆದ ಮ್ಯಾಲೆ ಮತ್ತ ದಾರಿ ತೆರೀತು. ಆ ಘಾಟಿನ್ಯಾಗ ಮೂವತ್ತೇಳು ಅಡಿಗೆ ಒಂದು ಅಡಿ ಇಳಕಲ. ಇಳಿಯೂ ಮೊದಲು ಗಾಡಿ ನಿಲ್ಲಬೇಕು. ಬ್ರೇಕು ಹಿಡಿತೈತೋ ಇಲ್ಲೋ ಅಂತ ಒಂದೊಂದು ಡಬ್ಬಿ ನೋಡಬೇಕು. ಡ್ರೈವರ್, ಗಾರ್ಡ್ ಇಬ್ಬರ ಹತ್ರಾನೂ ಕಾಗದ ಇರಬೇಕು. ಶಿಬಿರ ಅಂದ್ರ ಹಂಗಿದ್ರ ನಾ ಒಪ್ಪತೇನಿ. ಒಂದೊಂದು ಡಬ್ಬಿ ನೋಡಬೇಕು. ಎಲ್ಲಾ ಡಬ್ಬಿಗೂ ಒಂದ ಭಾಷಣ ಮಾಡಿ ಬಿಡೂದಲ್ಲ.

ಮೊಮ್ಮಗಳು: ಆದ್ರ ನೀ ಗಾಡಿ ಇಳಿಸೇ ಇಳಿಸ್ತಿದ್ದಿ ಅಜ್ಜಾ. ಘಾಟು ಕಠಿಣ ಐತಿ ಅಂತ ಗೋವಾದ ದಾರಿ ಮುಚ್ಚಲಿಲ್ಲ.

ಅಜ್ಜ: ಬ್ರೇಕು ಹಿಡೀದಿದ್ರ ಇಳಿಸಂಗಿಲ್ಲ ಅಂತ ನಿಂತದ್ದೂ ಐತಿ. ಮ್ಯಾಲಿನವರು ಬೈದ್ರೂ ನಿಂತೇನಿ.

ಮೊಮ್ಮಗಳು: ದುರಸ್ತಿ ಮಾಡಿಸಿ ಮತ್ತ ಇಳಿಸಿದಿ, ಹೌದಲ್ಲ? ತಮ್ಮನ ಅರ್ಜಿ ಮುಂದಿನ ವರ್ಷಕ್ಕ. ಒಂದು ವರ್ಷ ಐತಿ. ಒಲ್ಲೆ ಅನ್ನೂದನ್ನ ನಾವ ಇಲ್ಲೆ ಕಲಿಸೂಣು. ಈ ಮನ್ಯಾಗ ಅಂವ ಯಾವಾಗರೆ ಒಲ್ಲೆ ಅಂದಾಗ ನಾವು ಕೇಳೇವೇನು?

ಅಜ್ಜ: ಅದನ್ನ ನಿಮ್ಮಪ್ಪಗ ಕೇಳು. ಇನ್ನೊಂದು ನನ್ನ ಸಂಶೆ. ಇದರಾಗ ಕೆಲವಕ್ಕ ಅಮೆರಿಕದ ಸರಕಾರನ ರೊಕ್ಕಾ ಕೊಡತೈತಿ ಅಂದಿ. ಸರಕಾರ ಸುಮ್ಮನ ಯಾಕ ಕೊಟ್ಟೀತು?

ಮೊಮ್ಮಗಳು: ಸುಮ್ಮನ ಕೊಡಂಗಿಲ್ಲ. 2001ರಾಗ ಅವರ ಮ್ಯಾಲೆ ದಾಳಿ ಆತಲ್ಲ, ಮರುವರ್ಷ ಯಸ್ ಅನ್ನೋ ಯೋಜನೆ ತಂದ್ರು. ಮುಸಲ್ಮಾನರು ಹೆಚ್ಚಿರೂ ದೇಶದ ಮಕ್ಕಳು ಬಂದು ತಮ್ಮ ಮನ್ಯಾಗ ಇದ್ದು ಹೋಗಲಿ ಅಂತ. ನಮ್ಮ ದೇಶದ ಮಕ್ಕಳಿಗೂ ಐತಿ. ತಮ್ಮನ್ನ ಮೆಚ್ಚಲಿ ಅನ್ನೋ ಆಸೆ ಅದರಾಗ ಇದ್ದೇ ಐತಿ. ಆದ್ರ ಎಎಫ್‌ಎಸ್ ಹ್ಯಾಂಗ ಹುಟ್ಟಿತು ಗೊತ್ತೇನು? 1915ರಾಗ ಫ್ರಾನ್ಸಿನ ಯುದ್ಧದಾಗ ಗಾಯಾಳುಗಳನ್ನ ಹೊತ್ತೊಯ್ಯೂ ಗಾಡಿ ಹೊಡದ ಸ್ವಯಂಸೇವಕರದು ಅದು. ಎರಡನೇ ಯುದ್ಧದಾಗೂ ಹೊಡದ್ರು. ಹೆಣಾ ಹೊತ್ತು ಹೊತ್ತು ಬ್ಯಾಸತ್ತು, ಮುಂದಿನ ಮಕ್ಕಳು ಒಬ್ಬರ ಮನ್ಯಾಗ ಒಬ್ಬರು ಉಂಡು ಬೆಳದ್ರ ಬಂದೂಕು ಹಿಡಿಯೂ ಮೊದಲು ಒಂದು ಕ್ಷಣ ನಿಂತಾರು ಅಂತ 1947ರಿಂದ ಮಕ್ಕಳನ್ನ ಕಳಸಾಕ ಶುರು ಮಾಡಿದ್ರು. ಆಸೆ ಎರಡೂ ನಮೂನಿ ಐತಿ.

ಅಜ್ಜ: ಒಬ್ಬರ ಮನ್ಯಾಗ ಒಬ್ಬರು ಅಂದಿ. ಹಂಗಾರ ಅಲ್ಲಿಂದಲೂ ಒಂದು ಹುಡುಗ ಇಲ್ಲಿಗೆ ಬರಬೇಕಲ್ಲ?

ಮೊಮ್ಮಗಳು: ಬರಬೇಕು. ವಿನಿಮಯ ಅಂದ ಮ್ಯಾಲೆ ನಾವೂ ಬಾಗಲಾ ತೆರಿಬೇಕು. ತಮ್ಮ ಹೋದ್ರ, ಬರೂ ಹುಡುಗನ್ನ ನಾಲ್ಕು ತಿಂಗಳು ನಮ್ಮ ಮನ್ಯಾಗ ಇಟ್ಟುಕೊಳ್ಳೂದಕ್ಕ ಅಪ್ಪನ ಕೇಳ್ಯಾರ. ಅವಗೂ ಮೊದಲ ದಿನಗಳು ಇರ್ತಾವ. ಅವಗ ಏನೇನು ಹೇಳಬೇಕು, ನೀನ ಹೇಳು.

ಅಜ್ಜ: ಹೇಳೂದೇನು? ಚಪ್ಪಲಿ ಹೊರಗ. ಬಲಗೈಲೆ ಊಟ. ರೊಟ್ಟಿ ಖಾರ ಆದ್ರ ಮೊಸರು. ಕುದಿಸಿದ ನೀರು. ಮಳಿಗಾಲದಾಗ ಅಡವಿ ಕಡೆ ಹೋದ್ರ ಕಾಲಿಗೆ ಜಿಗಳಿ ಹತ್ತಾವ, ಹೆದರಬ್ಯಾಡ. ಹಳಿ ದಾಟಬ್ಯಾಡ, ಸೇತುವಿ ಮ್ಯಾಲಿಂದ ಹೋಗು. ಹಿರೇರಿಗೆ ಬರ್ರಿ ಹೋಗ್ರಿ ಅನ್ನು. ಮತ್ತ ಹುಡುಗ್ಯಾರ ಕೂಡ ರಸ್ತಾದಾಗ ನಿಂತು ಮಾತಾಡಬ್ಯಾಡ.

ಮೊಮ್ಮಗಳು: ನೀನೂ ಬ್ಯಾಡಗಳಿಂದ ಶುರು ಮಾಡಿದಿ.

ಅಜ್ಜ: ಊರು ಗೊತ್ತಿಲ್ಲದ ಹುಡುಗಗ ಇನ್ನೇನು ಹೇಳೂದು?

ಮೊಮ್ಮಗಳು: ನಾ ಒಂದು ಕೇಳ್ತೇನಿ. ಯಾರು ಯಾರ ಮನ್ಯಾಗ ನೀರು ಕುಡಿಯಂಗಿಲ್ಲ ಅನ್ನೂದು ಹೇಳೂದೋ ಬ್ಯಾಡೋ?

ಅಜ್ಜ: ಅದನ್ನ ಯಾಕ ಆ ಕೂಸಿಗೆ ಹೇಳ್ತಿ? ಊಟದ್ದು, ಸ್ನಾನದ್ದು ಹೇಳು, ಸಾಕು. ನಮಗ ಇಡೀ ಜನ್ಮ ತಿಳೀದ್ದು ಅವಗ ಎರಡ ದಿನದಾಗ ಹ್ಯಾಂಗ ತಿಳೀತೈತಿ?

ಮೊಮ್ಮಗಳು: ಹೇಳದಿದ್ರ ತಾನ ತಿಳಕೋತಾನ. ಸಾಲ್ಯಾಗಿನ ಗೆಳೆಯನ್ನ ಮನಿಗೆ ಕರಕೊಂಡು ಬರ್ತಾನ. ಆ ಗೆಳೆಯ ಹೊಸ್ತಿಲದಾಗ ನಿಲ್ತಾನ. ಯಾಕ ಒಳಗ ಬರವಲ್ಲಿ ಅಂತ ಇಂವ ಅವನ್ನ ಕೇಳ್ತಾನ. ಆವಾಗ ಆ ಗೆಳೆಯ ಉತ್ತರ ಹೇಳಬೇಕೇನು, ನಾವು ಹೇಳಬೇಕೇನು? ಮಿಷಿಗನ್ ಶಿಬಿರದಾಗ ಬೆಂಕಿ ಆರೂ ಹೊತ್ತಿಗೆ ಒಬ್ಬ ಹಿರೇ ಹೆಣಮಗಳು ಮಾತಾಡಿದ್ರು. ಈ ಕೆರಿ, ಈ ಅಡವಿ ಒಡಾವ, ಒಜಿಬ್ವೆ, ಪೊಟವಾಟಮಿ ಮಂದೀದು, ಅವರ ಕೈಯಿಂದ ಇದು ಹ್ಯಾಂಗ ಹೋತು ಅಂತ ಹೇಳಿದ್ರು. ಡೆಟ್ರಾಯಿಟ್‌ದಾಗ ಕರೇರು ಬಿಳೇರು ಬ್ಯಾರೆ ಬ್ಯಾರೆ ಓಣಿಯಾಗ ಯಾಕ ಅದಾರ ಅನ್ನೂದನ್ನೂ ಹೇಳಿದ್ರು. ತಮ್ಮ ಹುಳುಕು ತಾವ ಮೊದಲು ಹೇಳಿದ್ರು. ಆ ಶಿಬಿರದಾಗ ನನಗ ಎಲ್ಲಕ್ಕಿಂತ ಹೆಚ್ಚು ಭರೋಸಾ ಬಂದದ್ದು ಆ ಮಾತಿನ ಮ್ಯಾಲೆ.

ಅಜ್ಜ: ಅವರು ಹೇಳಿದ್ದು ಯಾವ ಕಾಲದ್ದೋ. ನೀ ಹೇಳಾಕ ಹೊಂಟಿದ್ದು ಇವತ್ತಿಂದು. ಕೇಳಿದವರು ಇದ ಓಣಿಯಾಗ ಇರೋರು.

ಮೊಮ್ಮಗಳು: ಅಲ್ಲಿದೂ ಇವತ್ತಿಂದ ಅಜ್ಜಾ. ಆ ಮಂದಿ ಎಲ್ಲೂ ಹೋಗಿಲ್ಲ, ಅಲ್ಲೇ ಅದಾರ. ಡೆಟ್ರಾಯಿಟ್ಟೂ ಹಂಗ ಐತಿ.

ಅಜ್ಜ: ಇರಬಹುದು. ಆದ್ರ ನೀ ಒಂದು ತಿಳಕೊ. ಹೇಳೂದು ಸೋಪಾ. ಆ ಗೆಳೆಯ ಒಳಗ ಬಂದು ಪಂಕ್ತ್ಯಾಗ ಕುಂತ ಅಂತ ಇಟ್ಕೊ. ಯಾರು ಬಡಸ್ತಾರ?

ಮೊಮ್ಮಗಳು: ನಾ ಬಡಸ್ತೇನಿ.

ಅಜ್ಜ: ನೀ ಧಾರವಾಡದಾಗ ಇರ್ತಿ. ದಿನಾ ಬಡಸೋರು ನಿಮ್ಮವ್ವ, ನಿಮ್ಮಜ್ಜಿ. ನಾ ಬ್ರೇಕ್‌ವ್ಯಾನಿನ್ಯಾಗ ಎಲ್ಲರ ಡಬ್ಬಿಯಿಂದ ಉಂಡು ಬಂದಂವ, ನನ್ನದು ಬಿಡು. ಅವರಿಬ್ಬರೂ ಏನಂತಾರ ಅನ್ನೂದು ನನಗೂ ಗೊತ್ತಿಲ್ಲ. ಐವತ್ತು ವರ್ಷ ಕೂಡಿ ಬಾಳೇವಿ, ಆ ಮಾತು ನಾ ಕೇಳಿಲ್ಲ, ಅಕಿ ಹೇಳಿಲ್ಲ.

ಮೊಮ್ಮಗಳು: ಹಂಗಾರ ಅರ್ಜಿ?

ಅಜ್ಜ: ಅಲ್ಲೇ ಇರಲಿ. ನಿಮ್ಮವ್ವ, ಅಜ್ಜಿ ಇಬ್ಬರನ್ನೂ ಇಲ್ಲಿ ಕರೀ. ನಿನ್ನ ತಮ್ಮನೂ ಬರಲಿ. ಅವನ ಎದುರಿಗೇ ಕೇಳೂಣು.

ಮೊಮ್ಮಗಳು: ಈಗ?

ಅಜ್ಜ: ಊಟಕ್ಕ ಎಲ್ಲಾರೂ ಕುಂಡ್ರತಾರಲ್ಲ, ಆವಾಗ. ಮೊದಲು ನೀ ಶುರು ಮಾಡು. ನಾ ಬಾಜೂ ಇರ್ತೇನಿ, ಆದ್ರ ನಿನ್ನ ಪರವಾಗಿ ಮಾತಾಡ್ತೇನಿ ಅಂತ ತಿಳೀಬ್ಯಾಡ. ಹುಡುಗನ್ನ ಕಳಸೂದು ನನಗ ಇನ್ನೂ ಮನಸ್ಸಿಗೆ ಬಂದಿಲ್ಲ.

ಮೊಮ್ಮಗಳು: ನನಗೂ ನಿನ್ನ ಮಾತು ಎಲ್ಲಾ ಸರಿ ಅನಿಸಿಲ್ಲ ಅಜ್ಜಾ. ಕರೀತೇನಿ.